ಘಾರಿ ತಿನ್ನುವ ಹಾವು

ಮೊನ್ನೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹಿಂದೆ ಕೂತಿದ್ದ ತರುಣ, ನನ್ನ ನೆರಳು ಗಾಜಿನ ಮೇಲೆ ಬಿದ್ದ ಕೂಡಲೇ ಟಕ್ಕನೆ ಯಾವುದೋ ಕೀ ಒತ್ತಿ, ಮುಖಕ್ಕೆ ಗಾಂಭೀರ್ಯ ತಂದುಕೊಂಡ. ಅವನ ಪರದೆ ನನಗೆ ಕಾಣುತ್ತಿರಲಿಲ್ಲ. ಆದರೆ ಆ ಬೆರಳಿನ ಚುರುಕು ನನಗೆ ಚೆನ್ನಾಗಿ ಗೊತ್ತು. "ಯಾವ ಆಟಪ್ಪಾ?" ಎಂದು ಕೇಳಿಬಿಟ್ಟೆ. ಅವನ ಕಿವಿ ಕೆಂಪಾಯಿತು. "ಹಾಗೇನಿಲ್ಲ ಮೇಡಂ, ಸರ್ವರ್ ನಿಧಾನ" ಅಂದ. ಪಾಪ, ಒಳ್ಳೆಯ ಹುಡುಗ. ಇನ್ನೂ ಸರಿಯಾಗಿ ಸುಳ್ಳು ಹೇಳಲು ಬರುವುದಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಸೂರತ್ ನೆನಪಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಸೂರತ್ತಿನ ಒಂದು ಸರ್ಕಾರಿ ವಿಮಾ ಕಛೇರಿಯಲ್ಲಿದ್ದೆ. ಹುಟ್ಟಿ ಬೆಳೆದದ್ದು ಧಾರವಾಡ. ನನ್ನ ಯಜಮಾನರು, ಶ್ರೀಧರ, ರೈಲ್ವೆಯಲ್ಲಿ, ಅಹಮದಾಬಾದಿನಲ್ಲಿ. ವರ್ಗಾವಣೆಯ ಸಂಸಾರ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ, ಗಂಡನ ಕುಕ್ಕರು ಒಂದೂರಿನಲ್ಲಿ, ಹೆಂಡತಿಯ ಕುಕ್ಕರು ಇನ್ನೊಂದೂರಿನಲ್ಲಿ. ಒಂದನೇ ತರಗತಿಯ ಮಗಳು ಮೀನು ಅಪ್ಪನ ಹತ್ತಿರ. ಶಾಲೆ ಬಿಟ್ಟ ಮೇಲೆ ಕೆಳಗಿನ ಮನೆಯ ಕೋಕಿಲಾಬೆನ್ ಅವಳನ್ನು ನೋಡಿಕೊಳ್ಳುತ್ತಿದ್ದರು. ಹೀಗಾಗಿ ಅವಳ ಗುಜರಾತಿ ಹೊಳೆಯಂತೆ ಹರಿಯುತ್ತಿತ್ತು, ಕನ್ನಡ ಮಾತ್ರ ನನ್ನ ಜೊತೆ ಶನಿವಾರ ರೈಲಿನಲ್ಲಿ ಬಂದು ಸೋಮವಾರ ರೈಲಿನಲ್ಲಿ ವಾಪಸ್ ಹೋಗುತ್ತಿತ್ತು. ನಾನು ಅಡಾಜಣ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಕಛೇರಿ ತಾಪಿ ನದಿಯ ಆಚೆ, ಹಳೇ ಊರಿನ ಕಡೆ.

ಕಛೇರಿಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಒಂದೇ ಒಂದು. ಅದಕ್ಕೊಂದು ಪ್ರತ್ಯೇಕ ಕೋಣೆ, ಏಸಿ, ಕಿಟಕಿಗೆ ದಪ್ಪ ಪರದೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಅದರ ತರಬೇತಿ ಪಡೆದವಳು ನಾನೊಬ್ಬಳೇ ಆದ್ದರಿಂದ ಆ ತಂಪು ಗರ್ಭಗುಡಿಗೆ ನಾನೇ ಅರ್ಚಕಿ. ನನ್ನ ಕೆಲಸವೆಲ್ಲ ಚೌಕಗಳ ಒಂದು ದೊಡ್ಡ ಹಾಳೆಯ ಮೇಲೆ, ಎಂದರೆ ಸ್ಪ್ರೆಡ್‌ಶೀಟಿನ ಮೇಲೆ. ಕಪ್ಪು ಪರದೆ, ಹಸಿರು ಅಕ್ಷರ. ಅಡ್ಡಸಾಲು, ಉದ್ದಸಾಲು, ಪ್ರತಿ ಚೌಕದಲ್ಲೂ ಒಂದು ಅಂಕಿ.

ಮೊದಲ ದಿನವೇ ಖಾಲಿ ಹಾಳೆ ನೋಡಿ ನನಗೆ ನೆನಪಾದದ್ದು ಚೌಕಾಬಾರ. ನಮ್ಮಜ್ಜಿ ಕೆಂಪು ಗಾರೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮನೆಗಳನ್ನು ಬರೆದು, ಕವಡೆ ಎಸೆದು, ನನ್ನ ಕಾಯಿಗಳನ್ನು ಕನಿಕರವಿಲ್ಲದೆ ಕಡಿಯುತ್ತಿದ್ದಳು. ನಾನು ಅತ್ತರೆ "ಆಟದಾಗ ಮೊಮ್ಮಗಳು ಗಿಮ್ಮಗಳು ಇಲ್ಲ" ಅನ್ನುತ್ತಿದ್ದಳು. ಅವಳ ಕೈಯಲ್ಲಿ ಸೋತು ಬೆಳೆದವಳಿಗೆ ಚೌಕ ಕಂಡರೆ ಸುಮ್ಮನೆ ಅಂಕಿ ತುಂಬಲು ಮನಸ್ಸು ಬಂದೀತೇ? ಇದರಲ್ಲಿ ಏನಾದರೂ ನಡೆದಾಡಬೇಕು ಅನ್ನಿಸಿತು.

ಆ ಸಾಫ್ಟ್‌ವೇರಿನಲ್ಲಿ ಮ್ಯಾಕ್ರೊ ಎಂಬ ಸೌಕರ್ಯವಿತ್ತು. ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಚೌಕದಲ್ಲಿ ಅಪ್ಪಣೆಯಾಗಿ ಬರೆದಿಟ್ಟರೆ ಕಂಪ್ಯೂಟರ್ ಮೇಲಿನಿಂದ ಕೆಳಗೆ ಓದುತ್ತ ಒಂದೊಂದನ್ನೇ ಮಾಡುತ್ತದೆ. ತಿಂಗಳ ಕೊನೆಯ ಮೊತ್ತ ಹಾಕಲು ಅದನ್ನು ಕಲಿಸಿದ್ದರು. ನಾನು ಊಟದ ಹೊತ್ತಿನಲ್ಲಿ, ಡಬ್ಬಿ ಬೇಗ ಬೇಗ ಖಾಲಿ ಮಾಡಿ, ಅದರಲ್ಲಿ ಹಾವು ಕಟ್ಟತೊಡಗಿದೆ. ಹಾಳೆಯ ಬಲತುದಿಯಲ್ಲಿ, ಯಾರೂ ಹೋಗದ ಜಾಗದಲ್ಲಿ, ಉದ್ದಸಾಲುಗಳನ್ನು ಹಿಂಡಿ ಹಿಂಡಿ ಸಣ್ಣ ಮಾಡಿದೆ. ಸುತ್ತ ಗೋಡೆ ಎಬ್ಬಿಸಿದೆ. ನಕ್ಷತ್ರ ಚಿಹ್ನೆಗಳನ್ನು ಸಾಲಾಗಿಟ್ಟರೆ ಹಾವು. ಒಂದು ಶೇಕಡಾ ಚಿಹ್ನೆ ಇಟ್ಟರೆ ಇಲಿ. ಬಾಣದ ಕೀ ಒತ್ತಿದ ಕಡೆ ಹಾವು ತಿರುಗಬೇಕು, ಇಲಿ ತಿಂದರೆ ಬೆಳೆಯಬೇಕು, ಗೋಡೆಗೆ ತಾಗಿದರೆ ಸಾಯಬೇಕು. ಇಷ್ಟೇ ಆಟ. ಇಷ್ಟಕ್ಕೆ ನನ್ನ ಎಷ್ಟು ಊಟದ ಹೊತ್ತುಗಳು ಹೋದವೆಂದು ಕೇಳಬೇಡಿ. ಮೊದಮೊದಲು ಹಾವು ನಾನು ಕೀ ಒತ್ತುವವರೆಗೆ ಕಾದು ನಿಲ್ಲುತ್ತಿತ್ತು. ಎಷ್ಟು ಸಭ್ಯ ಹಾವು! ಕಾಯದೆ ತಾನೇ ಹರಿಯುವಂತೆ ಮಾಡಿದ ದಿನ ನಾನು ಆ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಚಪ್ಪಾಳೆ ಕೇಳಿ ಬಾಗಿಲು ತೆರೆದವರು ನಮ್ಮ ಶಾಖಾಧಿಕಾರಿ ಹಸ್ಮುಖ್‌ಭಾಯಿ. ಹೆಸರಿನಲ್ಲಿ ನಗುಮುಖವಿದ್ದರೂ ಆ ಮನುಷ್ಯ ನಕ್ಕದ್ದನ್ನು ಕಛೇರಿಯಲ್ಲಿ ಕಂಡವರಿರಲಿಲ್ಲ. ಮಾತೆಲ್ಲ ಗುಜರಾತಿ ಬೆರೆತ ಹಿಂದಿ.

"ಮಾಲತಿಬೆನ್, ಈ ಹುಳ ಏನು? ವೈರಸ್ಸಾ?"

ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. "ಅಲ್ಲ ಸರ್, ಹಾವು. ನಾನೇ ಮಾಡಿದ್ದು" ಅಂದೆ. ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಅಂತ ಕಾಣುತ್ತದೆ.

ಅವರು ಹಾವು ಗೋಡೆಗೆ ತಾಗಿ ಸಾಯುವವರೆಗೂ ನೋಡಿದರು. "ಅಳಿಸಿಬಿಡಿ."

"ಸರ್, ಇದು ಊಟದ ಹೊತ್ತು."

"ನಿಮಗೆ ಊಟದ ಹೊತ್ತು. ಕಂಪ್ಯೂಟರಿಗೆ ಊಟದ ಹೊತ್ತಿಲ್ಲ. ಇನ್‌ಸ್ಪೆಕ್ಷನ್ನಿನವರು ಬಂದರೆ ನಾನು ಏನು ಹೇಳಲಿ? ಸೋಮವಾರ ಇದು ಇಲ್ಲಿರಬಾರದು."

ಆ ಸೋಮವಾರ ಬರುವುದರೊಳಗೆ ಸೂರತ್ತಿಗೆ ಪ್ಲೇಗು ಬಂತು.

ಆ ಸಲ ತಾಪಿ ಉಕ್ಕಿ ಇಳಿದು ತಗ್ಗಿನ ಬಡಾವಣೆಗಳಲ್ಲಿ ಕೆಸರು ಹೆಪ್ಪುಗಟ್ಟಿ ನಿಂತಿತ್ತು. ಅಲ್ಲಲ್ಲಿ ಇಲಿ ಸತ್ತು ಬಿದ್ದಿವೆಯಂತೆ ಎಂದು ಜನ ಆಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನಾನು ಹಾಲಿಗೆಂದು ಕೆಳಗಿಳಿದರೆ ಎದುರು ಬಂದವರ ಮೂಗು ಬಾಯಿಗೆಲ್ಲ ಕರ್ಚೀಫು. ಔಷಧಿ ಅಂಗಡಿಯ ಮುಂದೆ ನೂಕುನುಗ್ಗಲು, ಪ್ಲೇಗಿನ ಔಷಧಿ ಟೆಟ್ರಾಸೈಕ್ಲಿನ್ ಮುಗಿಯಿತೆಂದು ಅಂಗಡಿಯವನು ಕೈಯಾಡಿಸುತ್ತಿದ್ದ. ನಮ್ಮ ಕಟ್ಟಡದ ಮೆಟ್ಟಿಲುಗಳಲ್ಲಿ ಟ್ರಂಕು, ಹಾಸಿಗೆ ಸುರುಳಿ, ಅಳುವ ಮಕ್ಕಳು. ಸ್ಕೂಟರಿನ ಮೇಲೆ ಐದು ಜನ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಗಲಾಟೆಯಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಚೀಲಕ್ಕೆ ಎರಡು ಸೀರೆ ತುರುಕಿ ನಾನೂ ಸ್ಟೇಷನ್ನಿಗೆ ಓಡಿದೆ. ಪ್ಲಾಟ್‌ಫಾರಮ್ಮಿನ ನೆಲ ಕಾಣುತ್ತಿರಲಿಲ್ಲ. ಗಾಡಿ ನಿಲ್ಲುವ ಮೊದಲೇ ಜನ ಅದರ ಮೈಗೆ ಅಂಟಿಕೊಂಡರು. ಒಬ್ಬ ಹೆಂಗಸು ಕಿಟಕಿಯ ಮೂಲಕ ಕೂಸನ್ನು ಒಳಗೆ ಕೊಟ್ಟಳು, ಒಳಗಿನ ಯಾವುದೋ ಕೈ ತೆಗೆದುಕೊಂಡಿತು, ಗಾಡಿ ಜಗ್ಗಿತು. ಅವಳು ಓಡತೊಡಗಿದಳು. ಕೊನೆಗೂ ಯಾರೋ ಅವಳ ರಟ್ಟೆ ಹಿಡಿದು ಬಾಗಿಲಿಗೆ ಎಳೆದುಕೊಂಡರು. ಅದನ್ನು ಕಂಡ ನಾನು ನಿಂತಲ್ಲೇ ನಿಂತು, ಎರಡನೇ ಗಾಡಿಯನ್ನೂ ಬಿಟ್ಟು, ಕಛೇರಿಯ ದಾರಿ ಹಿಡಿದೆ. ಕೆಲಸದ ಮೇಲಿನ ನಿಷ್ಠೆ ಎಂದುಕೊಳ್ಳಬೇಡಿ. ನನ್ನ ಮನೆಯಲ್ಲಿ ಫೋನಿರಲಿಲ್ಲ, ಕಛೇರಿಯಲ್ಲಿತ್ತು.

ಕಛೇರಿಯ ಬಾಗಿಲು ತೆರೆದಿತ್ತು. ಒಳಗೆ ಹಸ್ಮುಖ್‌ಭಾಯಿ ಒಬ್ಬರೇ, ದೊಡ್ಡ ಬಿಳಿ ಕರ್ಚೀಫು ಕಟ್ಟಿಕೊಂಡು, ಎಂದಿನ ಕುರ್ಚಿಯಲ್ಲಿ ಎಂದಿನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹೆಂಡತಿ ಮಕ್ಕಳನ್ನು ನವಸಾರಿಗೆ ಕಳಿಸಿದ್ದರಂತೆ.

"ನೀವು ಹೋಗಲಿಲ್ಲವೇ ಸರ್?"

"ಬೀಗ ಹಾಕಿದರೆ ಜನ ಏನಂದಾರು? ವಿಮೆಯವರೇ ಮೊದಲು ಓಡಿದರು ಅನ್ನುತ್ತಾರೆ." ಆಮೇಲೆ ನನ್ನ ಚೀಲ ನೋಡಿ, "ಫೋನ್ ಮಾಡಿಕೊಳ್ಳಿ" ಅಂದು ಹೊರಗೆ ಹೋದರು.

ಅಹಮದಾಬಾದಿಗೆ ಲೈನು ಸಿಕ್ಕಾಗ ಮಧ್ಯಾಹ್ನವಾಗಿತ್ತು, ಫೋನೆತ್ತಿದ್ದು ಶ್ರೀಧರ.

"ಮಾಲತಿ? ಗಾಡಿ ಸಿಕ್ತೇನು?"

"ಸಿಗಲಿಲ್ಲರೀ. ಬಾಗಿಲದಾಗ ಕಾಲಿಡಲಿಕ್ಕೂ ಜಾಗ ಇಲ್ಲ."

"ನಾ ಬರ್ತೀನಿ. ಬಂದು ಕರಕೊಂಡು ಹೋಗ್ತೀನಿ."

"ನೀವು ಬಂದ್ರ ಮೀನೂನ ಯಾರು ನೋಡ್ಕೋಬೇಕು? ಸುಮ್ಮನಿರ್ರಿ. ಗದ್ದಲ ಕಡಿಮಿ ಆಗ್ಲಿ, ನಾನ ಬರ್ತೀನಿ."

ಹಿಂದಿನಿಂದ ಮೀನುವಿನ ಧ್ವನಿ, "ಮಮ್ಮೀ, ಕ್ಯಾರೆ ಆವೀಶ್?" ಯಾವಾಗ ಬರ್ತೀ ಅಂತ. ಅದಕ್ಕೆ ಉತ್ತರ ಹೇಳುವುದರೊಳಗೆ ಲೈನು ಹೋಯಿತು.

ಸೂರತ್ತಿನಲ್ಲಿ ನೀವು ಇದ್ದಿದ್ದರೆ ಗೊತ್ತಿರುತ್ತದೆ, ಆ ಊರಿಗೆ ಒಂದು ಸದ್ದಿತ್ತು. ಎಲ್ಲೋ ಮಗ್ಗಗಳು ಖಟಖಟ ಅನ್ನುತ್ತಲೇ ಇರುತ್ತವೆ, ಕೇಳಿಸಿ ಕೇಳಿಸಿ ಕಿವಿಗೆ ಅದು ಸದ್ದೆಂದೇ ಅನ್ನಿಸುವುದಿಲ್ಲ. ಅಂದು ಅದು ನಿಂತಿತ್ತು. ನಾವಿಬ್ಬರು ಎರಡು ತುದಿಯ ಮೇಜುಗಳಲ್ಲಿ ಕೂತಿದ್ದೆವು. ವಿಮೆ ಕೇಳಲು ಯಾರೂ ಬರಲಿಲ್ಲ. ಮೇಲಿನ ಫ್ಯಾನು ತಿರುಗುವುದು ಕೇಳುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ, ಹಸ್ಮುಖ್‌ಭಾಯಿ ತಲೆಯೆತ್ತಿ ನೋಡಿದರು. ಅವರು ಮೂಗೊರೆಸಿಕೊಂಡರು, ನಾನು ನೋಡಿದೆ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ಎಷ್ಟು ಹೊತ್ತು ಕೂತಿರಲು ಸಾಧ್ಯ?

ಅವರೇ ಎದ್ದು ಬಂದರು. "ಮಾಲತಿಬೆನ್, ಆ ಹಾವನ್ನು ಅಳಿಸಿದಿರಾ?"

ಅಳಿಸಿರಲಿಲ್ಲ. ಹಳೆಯ ಕಮಿಷನ್ ತಃಖ್ತೆ ಎಂಬ, ಯಾರಿಗೂ ತೆರೆಯಲು ಮನಸ್ಸಾಗದ ಹೆಸರು ಕೊಟ್ಟು ಇಟ್ಟಿದ್ದೆ. ಏನು ಹೇಳಲೆಂದು ಯೋಚಿಸುವಾಗ ಅವರೇ ಅಂದರು, "ಅಳಿಸದಿದ್ದರೆ ತೋರಿಸಿ."

ತೋರಿಸಿದೆ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಗೆ ಕೂತು, ಕರ್ಚೀಫಿನ ಮೇಲಿಂದ ಕಣ್ಣು ಕಿರಿದು ಮಾಡಿ ನೋಡಿದರು.

"ಇದು ತಿನ್ನುವುದೇನನ್ನು?"

"ಇಲಿ, ಸರ್."

ಅವರು ಕರ್ಚೀಫನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡರು. ಏಸಿ ಗುಂಯ್ ಎನ್ನುತ್ತಿತ್ತು.

"ಇಲಿ ಬೇಡ" ಅಂದರು ಮೆಲ್ಲಗೆ. "ಬೇರೆ ಏನಾದರೂ ತಿನ್ನಲಿ. ಘಾರಿ ತಿನ್ನಲಿ."

ಘಾರಿ ಎಂದರೆ ಸೂರತ್ತಿನವರ ಪ್ರಾಣ. ಖೋವಾ, ಪಿಸ್ತಾ ತುಂಬಿ, ತುಪ್ಪದಲ್ಲಿ ಮುಳುಗಿಸಿ ಎತ್ತಿದ ದುಂಡನೆಯ ಸಿಹಿ. ನಾನು ಶೇಕಡಾ ಚಿಹ್ನೆ ತೆಗೆದು ಒಂದು ದುಂಡು ಸೊನ್ನೆ ಇಟ್ಟೆ. ಅಲ್ಲಿಂದ ನಮ್ಮ ಹಾವು ಶುದ್ಧ ಸಸ್ಯಾಹಾರಿಯಾಯಿತು.

ಹಸ್ಮುಖ್‌ಭಾಯಿಗೆ ಆಟ ಬರುತ್ತಿರಲಿಲ್ಲ. ಪರದೆ ನೋಡುವ ಬದಲು ಕೀ ನೋಡುತ್ತಿದ್ದರು. ಹಾವು ಗೋಡೆಗೆ ತಾಗಿ ಕಂಪ್ಯೂಟರ್ 'ಬೀಪ್' ಅಂದ ಮೇಲೆ ತಲೆಯೆತ್ತಿ, ಯಾರೋ ಕಛೇರಿಯ ನಿಯಮ ಮುರಿದ ಹಾಗೆ ಸಿಡುಕುತ್ತಿದ್ದರು. "ಮತ್ತೊಮ್ಮೆ." ಹಾವು ಉದ್ದವಾದಷ್ಟೂ ನಿಧಾನವಾಗುತ್ತಿತ್ತು. ಪ್ರತಿ ಹೆಜ್ಜೆಗೂ ನಾನು ಇಡೀ ಮೈಯನ್ನು ಅಳಿಸಿ ಮತ್ತೆ ಬರೆಸುತ್ತಿದ್ದೆನಲ್ಲ, ಯಂತ್ರಕ್ಕೆ ಏದುಸಿರು ಬರುತ್ತಿತ್ತು. "ಘಾರಿ ತಿಂದರೆ ಮನುಷ್ಯನ ಗತಿಯೂ ಹೀಗೇ" ಎಂದರು ಅವರು. ನಗುತ್ತಿದ್ದರೋ ಏನೋ, ಕರ್ಚೀಫಿನ ಹಿಂದೆ ಏನೂ ಗೊತ್ತಾಗಲಿಲ್ಲ.

ಕಛೇರಿಯ ಎದುರಿಗೆ ಕುಂದಾಪುರ ಕಡೆಯ ಭಾಸ್ಕರಣ್ಣನ ಉಡುಪಿ ಹೋಟೆಲು. ಮರುದಿನ ಮಧ್ಯಾಹ್ನ ಅವರೇ ಸ್ಟೀಲ್ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಎಂತ ಮೇಡಂ, ನೀವು ಹೋಗ್ಲಿಲ್ವಾ?"

"ನೀವು, ಭಾಸ್ಕರಣ್ಣ?"

"ನಾನು ಎಲ್ಲಿಗೆ ಹೋಗುದು ಮಾರಾಯ್ರೆ? ಹಿಟ್ಟು ರುಬ್ಬಿ ಆಗಿತ್ತು." ಡಬ್ಬಿಯನ್ನು ಮೇಜಿನ ಮೇಲಿಟ್ಟು ತಾವು ಬಾಗಿಲ ಹತ್ತಿರ ಸರಿದು ನಿಂತರು. "ಹುಡುಗರೆಲ್ಲ ಊರಿಗೆ ಹೊರಡ್ತೇವೆ ಅಂತ ಗಲಾಟೆ. ರೈಲಲ್ಲಿ ಜಾಗ ಇಲ್ಲ, ಬಸ್ಸಿಲ್ಲ. ಅಷ್ಟು ಜನಕ್ಕೆ ಹೇಗೂ ಬೇಯಿಸ್ಬೇಕು. ಇದು ಇಡ್ಲಿ, ಬಿಸಿ ಉಂಟು, ಈಗಲೇ ತಿನ್ನಿ."

ಹೀಗೆ ಒಂದೆರಡು ದಿನ ಇಡ್ಲಿ ತಿಂದು, ಹಾವು ಆಡಿಸಿ ಕಳೆದೆವು. ಆಮೇಲೊಂದು ಬೆಳಿಗ್ಗೆ ನಾನು ಹೋದಾಗ ಹಸ್ಮುಖ್‌ಭಾಯಿ ಕಂಪ್ಯೂಟರ್ ಕೋಣೆಯಲ್ಲಿದ್ದರು. ಏಸಿ ಆರಿಸಿತ್ತು. ಆ ಸೆಖೆಯಲ್ಲಿ ಅವರು ಸ್ವೆಟರ್ ಹಾಕಿಕೊಂಡಿದ್ದರು. ಕೀಗಳ ಮೇಲಿಟ್ಟ ಅವರ ಬೆರಳು ನಡುಗಿ, ಪರದೆಯ ಮೇಲೆ ಹಾವು ಅತ್ತ ಇತ್ತ ತಿರುಗುತ್ತಿತ್ತು.

"ಬಾಗಿಲಲ್ಲೇ ನಿಲ್ಲಿ, ಮಾಲತಿಬೆನ್. ಜ್ವರ ಬಂದಿದೆ."

ನನಗೆ ಆಗ ಏನನ್ನಿಸಿತೆಂದು ಹೇಳಿದರೆ ನೀವು ನನ್ನನ್ನು ಕೆಟ್ಟವಳೆನ್ನಬಹುದು. ಅವರ ಬಗ್ಗೆ ಮರುಕ ಆಮೇಲೆ ಬಂತು. ಮೊದಲು ನನ್ನ ಕಣ್ಣು ಹೋದದ್ದು ಆ ಕೀಗಳ ಮೇಲೆ. ನಿನ್ನೆ ಅವರು ಒತ್ತಿದ ಕೀಗಳನ್ನೇ ನಾನೂ ಒತ್ತಿದ್ದೆ. ಆಮೇಲೆ ಕೈ ತೊಳೆದೆನೋ, ಹಾಗೇ ಇಡ್ಲಿ ತಿಂದೆನೋ?

ರಸ್ತೆಯಲ್ಲಿ ಆಟೋ ಒಂದೂ ನಿಲ್ಲಲಿಲ್ಲ. ನಿಂತ ಒಬ್ಬನೂ ಮೆಟ್ಟಿಲ ಮೇಲೆ ಸ್ವೆಟರ್ ಹಾಕಿಕೊಂಡು ಇಳಿಯುತ್ತಿದ್ದವರನ್ನು ಕಂಡು ಗೇರು ಹಾಕಿ ಹೊರಟುಹೋದ. ನಾನು ಹೋಟೆಲಿಗೆ ಓಡಿದೆ. ಭಾಸ್ಕರಣ್ಣನ ಹತ್ತಿರ ತರಕಾರಿ ತರುವ ಒಂದು ವ್ಯಾನಿತ್ತು.

ಅದರಲ್ಲಿ ಆಸ್ಪತ್ರೆಗೆ ಬಿಡುತ್ತೀರಾ ಎಂದು ಕೇಳಿದೆ. ಅವರು ಒಳಗೆ ಅಡುಗೆಮನೆಯ ಕಡೆ ತಿರುಗಿ ನೋಡಿದರು. "ಮೇಡಂ, ಅಷ್ಟು ಹುಡುಗರಿಗೆ ನಾನೇ ಅಪ್ಪ ಅಮ್ಮ ಇಲ್ಲಿ. ನನಗೆ ತಾಗಿದ್ರೆ..." ಟವೆಲ್ಲನ್ನು ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡರು. "ಕರ್ಕೊಂಡು ಬನ್ನಿ. ಹಿಂದೆ ಕೂರಿಸಿ. ನೀವು ಮುಂದೆ ಕೂತ್ಕೊಳ್ಳಿ."

ನಾನು ಹಿಂದೆಯೇ ಕೂತೆ. ಅದು ಧೈರ್ಯವೇನಲ್ಲ. ಹಸ್ಮುಖ್‌ಭಾಯಿ ಈರುಳ್ಳಿ ಚೀಲಕ್ಕೆ ಒರಗಿ ಜಾರುತ್ತಿದ್ದರು, ಹಿಡಿದುಕೊಳ್ಳುವವರು ಬೇಕಿತ್ತು. ಅವರ ಮೈಯ ಕಾವು ಸ್ವೆಟರಿನ ಮೂಲಕ ನನ್ನ ಅಂಗೈಗೆ ತಾಗುತ್ತಿತ್ತು. ದಾರಿಯಲ್ಲಿ ಒಂದೇ ಮಾತಾಡಿದರು: "ನವಸಾರಿಗೆ ಈಗಲೇ ಫೋನ್ ಮಾಡಬೇಡಿ. ಅವಳು ಬಂದುಬಿಡುತ್ತಾಳೆ."

ಆಸ್ಪತ್ರೆಯ ಬಾಗಿಲಲ್ಲಿ ಮುಖವಾಡ ಹಾಕಿದವರು ಅವರನ್ನು ಒಳಗೆ ಕರೆದುಕೊಂಡರು. ನನ್ನನ್ನು ಒಬ್ಬ ಡಾಕ್ಟರು ಕೇಳಿದರು, "ನೀವು ಇವರಿಗೆ ಏನಾಗಬೇಕು?"

"ಒಂದೇ ಕಛೇರಿ."

"ಹತ್ತಿರ ಕೂತು ಕೆಲಸ ಮಾಡುತ್ತಿದ್ದಿರಾ?"

ಪಕ್ಕದಲ್ಲಿ ಕೂತು ಹಾವಿಗೆ ಘಾರಿ ತಿನ್ನಿಸುತ್ತಿದ್ದೆವು ಎಂದು ಹೇಗೆ ಹೇಳಲಿ? "ಹೌದು" ಅಂದೆ. ನನಗೂ ಭಾಸ್ಕರಣ್ಣನಿಗೂ ಕ್ಯಾಪ್ಸೂಲು ಕೊಟ್ಟರು. ರಕ್ತ, ಕಫದ ಪರೀಕ್ಷೆಯಾಗಿ ಏನೆಂದು ತಿಳಿಯುವವರೆಗೆ ಊರು ಬಿಡಬೇಡಿ, ಮಕ್ಕಳ ಹತ್ತಿರ ಅಂತೂ ಹೋಗಲೇಬೇಡಿ ಅಂದರು.

ಹೊರಗಿನ ಬೆಂಚಿನ ಮೇಲೆ ಕೂತೆ. ಎದುರಿಗೆ ಜನರ ದೊಡ್ಡ ಸಾಲು. ಮುಂದಿನವನು ಒಳಗೆ ಹೋಗುತ್ತಿದ್ದ, ಹಿಂದೆ ಇನ್ನೊಬ್ಬ ಬಂದು ಸೇರುತ್ತಿದ್ದ, ನಡುವಿನವರಿಗೆ ಮಾತ್ರ ಕಾಲೆತ್ತಲು ತ್ರಾಣವಿರಲಿಲ್ಲ, ನಿಂತಲ್ಲೇ ನಿಂತಿದ್ದರು. ಆ ಸಾಲನ್ನು ನೋಡುತ್ತ ನನ್ನ ತಲೆಗೆ ಬಂದದ್ದೇನು ಗೊತ್ತೇ? ಹಾವು. ಅದರ ಇಡೀ ಮೈಯನ್ನು ಪ್ರತಿಸಲ ಅಳಿಸಿ ಬರೆಯುವ ಅಗತ್ಯವೇ ಇಲ್ಲ. ತಲೆಯ ಮುಂದೆ ಒಂದು ನಕ್ಷತ್ರ ಸೇರಿಸಬೇಕು, ಬಾಲದಲ್ಲಿ ಒಂದನ್ನು ಅಳಿಸಬೇಕು. ನಡುವಿನ ಮೈ ಇದ್ದಲ್ಲೇ ಇರಲಿ! ಎಷ್ಟು ಊಟದ ಹೊತ್ತುಗಳಲ್ಲಿ ಹೊಳೆಯದ್ದು, ಒಳಗೆ ಒಬ್ಬ ಮನುಷ್ಯ ಸಾವು ಬದುಕಿನ ನಡುವೆ ಮಲಗಿರುವಾಗ, ಬೆಂಚಿನ ಮೇಲೆ ಹೊಳೆದಿತ್ತು. ಮನಸ್ಸಿಗೆ ನಾಚಿಕೆ ಎಂಬುದು ಇಲ್ಲವೆಂದು ಅವತ್ತು ಗೊತ್ತಾಯಿತು.

ಸಂಜೆ ಕಛೇರಿಯಿಂದ ಅಹಮದಾಬಾದಿಗೆ ಫೋನ್ ಮಾಡಿದೆ.

"ಗಾಡಿ ಖಾಲಿ ಬರ್ಲಿಕತ್ತಾವಂತ. ಇವತ್ತ ಹತ್ತು" ಅಂದರು ಶ್ರೀಧರ.

"ಈಗ ಬರೂದಿಲ್ಲರೀ."

"ಯಾಕ?"

ಹೇಳಿದೆ.

"ನಿನಗ ಜ್ವರ ಅದನ?"

"ಇಲ್ಲ."

"ಕೆಮ್ಮು?"

"ಇಲ್ಲರೀ."

"ಸುಳ್ಳ ಹೇಳಬ್ಯಾಡ ನನ್ನ ಮುಂದ."

"ದೇವರಾಣಿ ಇಲ್ಲ."

ಫೋನಿಟ್ಟ ಮೇಲೆ ನಾನೇ ಹಣೆ ಮುಟ್ಟಿ ನೋಡಿಕೊಂಡೆ. ನಮ್ಮ ಹಣೆ ನಮ್ಮ ಕೈಗೆ ಯಾವತ್ತೂ ಬೆಚ್ಚಗೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅಡಾಜಣ್‌ನ ಕಟ್ಟಡದಲ್ಲಿ ನಾನು, ಪಾರಿವಾಳಗಳು, ಎರಡನೇ ಮಹಡಿಯಲ್ಲಿ ಯಾರೋ ಒಬ್ಬರು ಉಳಿದಿದ್ದೆವು. ಮೆಟ್ಟಿಲು ಹತ್ತುವಾಗ ಧೂಳಿಗೆ ಒಂದು ಸೀನು ಬಂತು. ಮೇಲೆ ಎಲ್ಲೋ ಬಾಗಿಲ ಅಗುಳಿ ಬಿದ್ದದ್ದು ಕೇಳಿಸಿತು.

ಮರುದಿನ ಕಛೇರಿ ತೆರೆದು ಕೀಗಳನ್ನು ಡೆಟಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹಾವಿನ ಮೈ ಬಿಚ್ಚಿ ಮತ್ತೆ ಕಟ್ಟಿದೆ. ಹಾವು ಹೋದ ಚೌಕಗಳ ವಿಳಾಸವನ್ನೆಲ್ಲ ಒಂದು ಮೂಲೆಯಲ್ಲಿ ಸಾಲಾಗಿ ಬರೆಸುತ್ತ ಹೋದರೆ ಬಾಲ ಎಲ್ಲಿದೆಯೆಂದು ತಾನೇ ತಿಳಿಯುತ್ತದೆ. ಬೆರಳು ಕೆಲಸದಲ್ಲಿದ್ದಷ್ಟು ಹೊತ್ತು ಗಂಟಲು ಕೆರೆಯುತ್ತಿರಲಿಲ್ಲ. ನಿಲ್ಲಿಸಿದೊಡನೆ ಕೆರೆಯುತ್ತಿತ್ತು. ಹಾಗಾಗಿ ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾವು ನೀರಿನಂತೆ ಹರಿಯತೊಡಗಿತು. ತೋರಿಸೋಣವೆಂದರೆ ಪಕ್ಕದ ಕುರ್ಚಿ ಖಾಲಿ.

ಆಸ್ಪತ್ರೆಯಿಂದ ಸುದ್ದಿಯಿಲ್ಲ. ಭಾಸ್ಕರಣ್ಣ ಹೋಗಿ ವಿಚಾರಿಸಿ ಬಂದರು. "ನಾಳೆ ಅಂತಾರೆ ಮೇಡಂ. ಜ್ವರ ಇಳೀಲಿಲ್ಲ ಅಂತೆ." ಆ ನಾಳೆ ಬಂದಾಗ ಮತ್ತೊಂದು ನಾಳೆ ಅಂದರು.

ಆ ಎರಡನೇ ನಾಳೆಯ ದಿನ ಫೋನಿನಲ್ಲಿ ಮೀನು ಅತ್ತಳು. ಶಾಲೆಯಲ್ಲಿ ಯಾರೋ "ನಿನ್ನ ಮಮ್ಮಿ ಸೂರತ್ತಿನಲ್ಲಿದ್ದಾಳಲ್ಲ, ವಾಪಸ್ ಬರುವುದಿಲ್ಲ" ಅಂದಿದ್ದರಂತೆ. ಎದುರಿಗೆ ಪರದೆಯಿತ್ತು.

"ಮೀನೂ, ನನ್ನ ಹತ್ರ ಒಂದು ಹಾವು ಇದೆ."

ಅಳು ನಿಂತಿತು. "ಸಾಚು? ನಿಜನಾ? ಕಚ್ಚುತ್ತಾ?"

"ಇಲ್ಲ. ಘಾರಿ ತಿನ್ನತ್ತೆ. ನೀನೇ ಅದಕ್ಕೆ ದಾರಿ ಹೇಳಬೇಕು, ಇಲ್ಲಾಂದ್ರೆ ಗೋಡೆಗೆ ಡಿಕ್ಕಿ ಹೊಡೀತದೆ. ಘಾರಿ ಈಗ ಎಡಗಡೆ ಇದೆ."

"ಎಡ ಅಂದ್ರೆ ಡಾಬೀ ಕೆ ಜಮಣೀ?"

ಡಾಬೀ ಎಂದರೆ ಎಡ, ಊಟ ಮಾಡದ ಕೈಯ ಕಡೆ, ಜಮಣೀ ಎಂದರೆ ಬಲ, ಊಟ ಮಾಡುವ ಕೈಯ ಕಡೆ ಎಂದು ಹೇಳಿಕೊಟ್ಟೆ. ಅವಳು "ಎಡ!" ಎಂದು ಕೂಗಿದರೆ ನಾನು ಎಡ ಒತ್ತುತ್ತಿದ್ದೆ. "ಗೋಡೆ ಬಂತು, ಗೋಡೆ ಬಂತು!" ಎಂದು ನಾನು ಕೂಗಿದರೆ "ಮೇಲೆ! ಅಲ್ಲ ಅಲ್ಲ, ಕೆಳಗೆ!" ಅನ್ನುತ್ತಿದ್ದಳು. ಹಿಂದೆ ಶ್ರೀಧರ, "ಬಲಕ್ಕ ಹೊಳ್ಳಸು, ಬಲಕ್ಕ" ಅನ್ನುತ್ತಿದ್ದರು, ಹಾವನ್ನು ಕಣ್ಣಿಂದ ಕಾಣದೆಯೇ. ಕಛೇರಿಯ ಫೋನಿನಲ್ಲಿ, ಕಛೇರಿಯ ಕಂಪ್ಯೂಟರಿನಲ್ಲಿ, ಕಛೇರಿಯ ಹೊತ್ತಿನಲ್ಲಿ ನಾವು ಮೂವರೂ ಸೇರಿ ಆ ಹಾವನ್ನು ಬೆಳೆಸಿದೆವು. ಅದು ಅರ್ಧ ಪರದೆ ತುಂಬಿತು.

ಆಗ ಕೆಳಗೆ ಬೀದಿಯಿಂದ ಯಾರೋ ಕನ್ನಡದಲ್ಲಿ ಕೂಗುತ್ತಿರುವುದು ಕೇಳಿತು. ಆ ಖಾಲಿ ಬೀದಿಯಲ್ಲಿ ದನಿ ಗೋಡೆಗೆ ಬಡಿದು ಬರುತ್ತಿತ್ತು.

"ಮೇಡಂ! ಓ ಮೇಡಂ! ಮಲೇರಿಯಾ!"

ಕಿಟಕಿಯ ದಪ್ಪ ಪರದೆ ಸರಿಸಿ ಬಗ್ಗಿದೆ. ಭಾಸ್ಕರಣ್ಣ ವ್ಯಾನಿನಿಂದ ಅರ್ಧ ಇಳಿದು, ಟವೆಲ್ಲನ್ನು ಗಾಳಿಯಲ್ಲಿ ಬೀಸುತ್ತಿದ್ದರು. "ಮಲೇರಿಯಾ ಅಂತೆ ಮಾರಾಯ್ರೆ! ಬರೀ ಮಲೇರಿಯಾ!"

ಮಲೇರಿಯಾ ಎಂಬ ಶಬ್ದವನ್ನು ಅಷ್ಟು ಸಂತೋಷದಿಂದ ಯಾರಾದರೂ ಉಚ್ಚರಿಸಿದ್ದನ್ನು ನಾನು ಆಮೇಲೆ ಕೇಳಿಲ್ಲ. ನಾನು ಕೂತು ಅತ್ತೆ. ಮೇಜಿನ ಮೇಲಿದ್ದ ಫೋನಿನಿಂದ "ಮಮ್ಮೀ, ಏನಾಯ್ತು? ಗೋಡೆನಾ?" ಎಂದು ಮೀನು ಕೇಳುತ್ತಲೇ ಇದ್ದಳು.

ಹಸ್ಮುಖ್‌ಭಾಯಿ ದೀಪಾವಳಿ ಕಳೆದ ಮೇಲೆ ಕೆಲಸಕ್ಕೆ ಬಂದರು, ಅರ್ಧ ಇಳಿದುಹೋಗಿದ್ದರು, ಅಂಗಿಯ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ಬಂದವರೇ ಹೊಸ ಹಾವು ನೋಡಿದರು. ಎರಡು ಸಲ ಗೋಡೆಗೆ ಹೊಡೆಸಿದರು. "ಈಗ ತುಂಬಾ ಓಡುತ್ತದೆ, ಮೊದಲಿನದೇ ಚೆನ್ನಾಗಿತ್ತು" ಅಂದರು. ಆಮೇಲೆ ಇನ್‌ಸ್ಪೆಕ್ಷನ್ ಬಂತು, ಅಳಿಸಲೇಬೇಕೆಂದರು, ಅಳಿಸಿದೆ. ಅದರ ಬಗ್ಗೆ ನನಗೇನೂ ದುಃಖವಾಗಲಿಲ್ಲ.

ನಾನು ಹೇಳಬೇಕಾದದ್ದು ಬೇರೆ. ಮಲೇರಿಯಾ ಎಂದು ತಿಳಿದ ಸಂಜೆಯೇ ಡಾಕ್ಟರು ನನಗೂ ಊರಿಗೆ ಹೋಗಲು ಒಪ್ಪಿಗೆ ಕೊಟ್ಟರು. ಬೆಳಗಿನ ಗಾಡಿ ಹತ್ತಿದೆ. ಬೋಗಿಯಲ್ಲಿ ಬೆರಳೆಣಿಕೆಯ ಜನ. ಟಿಕೆಟ್ ನೋಡುವವರು ದೂರದಿಂದಲೇ ಟಿಕೆಟ್ ಎತ್ತಿ ತೋರಿಸಲು ಹೇಳಿ ಹೊರಟರು. ಅಹಮದಾಬಾದಿನಲ್ಲಿ ಶ್ರೀಧರ ಸ್ಟೇಷನ್ನಿಗೆ ಬಂದಿದ್ದರು. ಚೀಲ ತೆಗೆದುಕೊಂಡರು, ನನ್ನ ಮುಖ ನೋಡಿದರು, "ಇಳದೀ ಭಾಳ" ಎಂದಷ್ಟೇ ಅಂದರು.

ಮನೆಯ ಮೆಟ್ಟಿಲ ಬುಡದಲ್ಲಿ ಕೋಕಿಲಾಬೆನ್ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಕಣ್ಣಲ್ಲಿ ನೀರಿತ್ತು. "ಬೆನ್, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ಬಾಣಂತಿ ಇದ್ದಾಳೆ" ಅಂದರು. "ನೀವು ಮಾಡಿದ್ದೇ ಸರಿ" ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅವರು ಬಾಗಿಲು ಮುಚ್ಚಿಕೊಂಡ ಮೇಲೆ ಮಾತ್ರ ಮೆಟ್ಟಿಲು ಹತ್ತುವುದು ಕಷ್ಟವಾಯಿತು.

ಮೀನು ಪಡಸಾಲೆಯ ತುದಿಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಓಡಿ ಬರುತ್ತಾಳೆಂದು ರೈಲಿನುದ್ದಕ್ಕೂ ಅಂದುಕೊಂಡಿದ್ದೆ. ಬರಲಿಲ್ಲ. ನಾನು ಕರೆದರೆ ಅಪ್ಪನ ಹಿಂದೆ ಸರಿದಳು. ನಾನು ಸ್ನಾನ ಮಾಡಿದೆ, ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದೆ, ಬೇರೆ ತಟ್ಟೆಯಲ್ಲಿ ಉಂಡೆ. ಅವಳು ಅಷ್ಟು ದೂರದಿಂದ ನಾನು ಉಣ್ಣುವುದನ್ನು ನೋಡುತ್ತಿದ್ದಳು. ಶ್ರೀಧರ ಏನೋ ಹೇಳಲು ಹೊರಟರು. ನಾನು ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ.

ಮಧ್ಯಾಹ್ನ ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದ್ದೆ. ನಿದ್ದೆ ಬಂದಿರಲಿಲ್ಲ. ಬರಿಗಾಲಿನ ಸದ್ದು ಹತ್ತಿರ ಬಂತು, ನಿಂತಿತು, ಮತ್ತೆ ಹತ್ತಿರ ಬಂತು. ನಾನು ಕಣ್ಣು ತೆರೆಯಲಿಲ್ಲ. ಒಂದು ಪುಟ್ಟ ಕೈ, ದೊಡ್ಡವರು ಮಾಡುವ ಹಾಗೆ ಹಿಂಗೈ ತಿರುಗಿಸಿ, ನನ್ನ ಹಣೆಯ ಮೇಲೆ ಕೂತಿತು. ಆಮೇಲೆ ಕತ್ತಿನ ಕೆಳಗೆ. ಮತ್ತೆ ಹಣೆಗೆ ಬಂತು.

"ಪಪ್ಪಾ" ಎಂದಳು, ಡಾಕ್ಟರಂತೆ ಧ್ವನಿ ಗಟ್ಟಿ ಮಾಡಿ. "ಮಮ್ಮಿಗೆ ಜ್ವರ ಇಲ್ಲ."

ಕೈಯನ್ನು ಮಾತ್ರ ಅವಳು ತೆಗೆಯಲಿಲ್ಲ.